ಕೀಲಿಕೈ ಯಾರ ಕಿಸೆದಾಗ ಐತ್ರಿ?

ನೌಕರರನ್ನು ‘ನಿರಂತರ ಸುಧಾರಣೆ’ಯಲ್ಲಿ ತೊಡಗಿಸುವ ಮತ್ತೊಂದು ಸಪ್ತಾಹ ಮುಗಿದಿದೆ. ಬ್ಯಾನರು ಇನ್ನೂ ಇಳಿದಿಲ್ಲ, ಚೂಡಾ ಮಾತ್ರ ಖಾಲಿ. ಗದಗ-ಬೆಟಗೇರಿಯ ಕಾರ್ಖಾನೆಯೊಂದರ ಗೋಡೆಯಲ್ಲಿರುವ ಸಲಹಾ ಪೆಟ್ಟಿಗೆ ಮಾತಿಗೆ ಸಿಕ್ಕಿತು.

ಸಪ್ತಾಹ ಹೇಗಾಯಿತು?

ಅದು ಹಂಗಿರ್ಲಿ, ನನ್ನ ಕೀಲಿಕೈ ಯಾರ ಹತ್ರ ಐತಿ ಕೇಳ್ರಿ. ಸಾಹೇಬ್ರ ಕಿಸೆದಾಗ! ಚೀಟಿ ಬರಿಯೂದು ಅವರ ಮ್ಯಾಲ, ಹಾಕೂದು ಅವರ ಬಾಗಿಲ ಮುಂದ, ತಗಿಯೋರೂ ಅವರ. ಅಂದಮ್ಯಾಲ ನನ್ನ ಹೊಟ್ಟ್ಯಾಗ ಗುಟ್ಕಾ ಚೀಟ್ ಬಿಟ್ಟು ಮತ್ತೇನು ಬೀಳತೈತ್ರಿ? ಟೊಯೊಟಾದವರು ನೌಕರರ ಸಲಹಾ ಪದ್ಧತಿ ಶುರು ಮಾಡಿದ್ದು 1951ರಾಗ. ಅಲ್ಲಿ ಹೆಸರು ಮಾಡಿದ್ದು ಪೆಟ್ಟಿಗಿ ಅಲ್ರಿ, ಸಣ್ಣ ಸಲಹೆಗೂ ಉತ್ತರ ಕೊಡೋ ರೂಢಿ. ನಮ್ಮವರು ಪೆಟ್ಟಿಗಿ ಅಷ್ಟ ತಂದ್ರು.

ಅದೇ ಟೊಯೊಟಾದ ಬಿಡದಿ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಧರಣಿ, ಲಾಕೌಟ್ ಆಯಿತು. ಕಾರ್ಮಿಕರ ದೂರುಗಳಲ್ಲಿ ಕೆಲಸದ ಹೊರೆಯೂ ಇತ್ತು. ಪದ್ಧತಿಯೊಂದೇ ಸಾಲದು ಎಂದಾಯಿತಲ್ಲ? ತೀರ್ಮಾನದಲ್ಲಿ ಪಾಲೂ ಬೇಕು. 1905ರಲ್ಲಿ ಇಲ್ಲೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲ ಪಡೆಯುವವನೇ ಸದಸ್ಯ, ಸಂಘದ ತೀರ್ಮಾನಕ್ಕೆ ಕೈಯೆತ್ತುವವನೂ ಅವನೇ. ಅಂಥಲ್ಲಿ ಪೆಟ್ಟಿಗೆಯ ಅಗತ್ಯವೇ ಬೀಳುವುದಿಲ್ಲ, ಅಲ್ಲವೇ?

ನಿಮಗ ಬಸ್ಸಿನ ಸೀಟಿನ ಸುದ್ದಿ ಹೇಳಿದ್ರೂ ಕಣಗಿನಹಾಳಕ್ಕ ಇಳೀತೀರಿ. ಆದ್ರ ಮಾತು ಖರೆ. ಸ್ವಂತ ನೂಲು ಹಾಕಿ ನೇಯೋ ಬೆಟಗೇರಿ ನೇಕಾರ ತನ್ನ ಮಗ್ಗ ಸರಿ ಮಾಡ್ಕೊಳ್ಳಾಕ ಯಾರಿಗೂ ಅರ್ಜಿ ಕೊಡಂಗಿಲ್ಲ. ಉಳಿದ ಹೊತ್ತು ಅವನದ, ಉಳಿದ ನೂಲೂ ಅವನದ. ಕೀಲಿಕೈ ಅವನ ಕೈಯಾಗ ಐತ್ರಿ!

ಆದರೆ ನೌಕರರು ಹಾಕುವುದು ಬರೀ ದೂರು, ಸಲಹೆಯಲ್ಲ ಎನ್ನುತ್ತಾರೆ ಆಡಳಿತದವರು.

‘ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬರೋ ಮಂದಿಗೆ ಬಸ್ ಹೊಂದವಲ್ದು, ಮೊದಲ ಪಾಳಿ ಅರ್ಧ ತಾಸು ಮುಂದ ಹಾಕ್ರಿ’ ಅಂತ ಒಬ್ಬಾಕಿ ಬರದಾಳ. ಅದರ ಮ್ಯಾಲ ‘ದೂರು’ ಅಂತ ಸಿಕ್ಕಾ ಬಿತ್ತು. ಮಂದಿ ಬರೋತನಕ ಮಷಿನ್ ಖಾಲಿ ನಿಲ್ಲೂದು ತಪ್ಪಿದ್ರ ಅದು ಸುಧಾರಣಾ ಅಲ್ಲೇನ್ರಿ? ತ್ರಾಸ ಇದ್ದವರಿಗೇ ಕೆಲಸದ ಹುಳುಕು ಮೊದಲು ಕಾಣೂದು.

ನಷ್ಟ ಹೊರುವವರು ಮಾಲೀಕರು, ಹಾಗಾಗಿ ತೀರ್ಮಾನವೂ ಅವರದೇ ಎಂಬ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಕಣಗಿನಹಾಳದಲ್ಲಾದರೆ ನಷ್ಟದ ಹೊಣೆಯೂ ಸದಸ್ಯರದೇ ಆಗಿತ್ತು.

ನಷ್ಟ ಯಾರದು? ಜಾಳಿಗಿ ಇಲ್ಲದ ಮಷಿನಿನಾಗ ಬೆರಳು ಹೋದ್ರ ಅದನ್ನ ಯಾರ ಖಾತೆಗೆ ಬರೀತೀರಿ? ‘ಜಾಳಿಗಿ ಹಾಕಸ್ರಿ’ ಅನ್ನೋ ಚೀಟಿ ಇನ್ನೂ ನನ್ನೊಳಗ ಐತಿ. ನಾಕು ಮಂದಿ ಕೆಲಸ ಮೂರು ಮಂದಿ ಮಾಡಬಹುದು ಅಂತ ಬರದ ಗುತ್ತಿಗಿ ಹುಡುಗಗ ‘ಹಂಗಾದ್ರ ನಾಕನೇದವ ನೀನ’ ಅಂತ ಹೇಳಿ ಮನಿಗೆ ಕಳಿಸಿದ್ರು. ಇದರಾಗ ನಗೂದು ಏನೂ ಇಲ್ರಿ. ಅವನ ಪಾಳಿ ಗೆಳ್ಯಾರು ಆಮ್ಯಾಲ ಯಾಕ ಬಾಯಿ ಬಿಡ್ತಾರ? ಮಂದಿ ಮಾತಾಡಾಕ ದಾರಿ ಇರಲಿಲ್ಲಂತಲ್ರಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆದಾಗ, ನೂರು ಮತ್ತ ಹೆಚ್ಚು ಕಾರ್ಮಿಕರಿದ್ದಲ್ಲಿ ಕಾರ್ಯ ಸಮಿತಿ ಮಾಡ್ರಿ ಅಂತ ಸರ್ಕಾರ ಆದೇಶ ಕೊಡಬಹುದಿತ್ತು. ಅದರಾಗ ಕಾರ್ಮಿಕರ ಪ್ರತಿನಿಧಿಗಳು ಮಾಲಕರ ಕಡೆಯವರಿಗಿಂತ ಕಡಿಮಿ ಇರಬಾರದಿತ್ತು. ಆಡಳಿತದಾಗ ಕಾರ್ಮಿಕರಿಗೆ ಪಾಲು ಇರಲಿ ಅಂತ 1976ರಾಗ ಸಂವಿಧಾನಕ್ಕ 43ಎ ವಿಧಿ ಬಂತು. ಕುರ್ಚಿ ಕೊಡಬೇಕಾದಲ್ಲಿ ಇವರು ನನ್ನ ತಂದು ಗೋಡೆಗೆ ಬಡದಾರ.

ಈಗೇನು ಮಾಡಬೇಕು? ಕಣಗಿನಹಾಳದ—

ಕಣಗಿನಹಾಳ ನಾಳೆ. ಮೊದಲು ಆ ಜಾಳಿಗಿ ಹಾಕಸ್ರಿ. ಯಾವ ಚೀಟಿಗೆ ಯಾರು, ಯಾವತ್ತು ಉತ್ತರ ಕೊಡ್ತಾರ, ಆಗಂಗಿಲ್ಲಾಂದ್ರ ಯಾಕ ಆಗಂಗಿಲ್ಲ, ಎಲ್ಲಾ ನೋಟಿಸ್ ಬೋರ್ಡಿಗೆ ಹಚ್ರಿ. ಆ ಹುಡುಗನ್ನ ವಾಪಸ್ ಕರೀರಿ.