ಆ್ಯಪ್ ಕಾಕಾನ ಉದ್ರಿ ವಹಿ

ಬೈಲಹೊಂಗಲದ ಬಜಾರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಆ್ಯಪ್ ಕಾಕಾನಿಗೆ ಅಪ್ಪ ಇಟ್ಟ ಹೆಸರು ಬೇರೆ ಇದೆ. ಅದೀಗ ರೇಷನ್ ಕಾರ್ಡಿನಲ್ಲಷ್ಟೇ ಉಳಿದಿದೆ. ಇಂಥ ಕಾಕಾಗಳು ಕಿತ್ತೂರಿನಲ್ಲೂ ಸಿಗುತ್ತಾರೆ, ರಾಮದುರ್ಗದಲ್ಲೂ. ಬೆಂಗಳೂರಿನಲ್ಲಿ ಇಬ್ಬರು ಹುಡುಗರು ಸೇರಿ ಕಂಪನಿ ತೆಗೆದರೆ ಸಾಕು, ಆ್ಯಪ್ ಇವನ ಮೊಬೈಲಿನಲ್ಲಿ ಹಾಜರು. ಸಾಮಾನು ಮನೆಗೆ ಮುಟ್ಟಿಸುತ್ತಿದ್ದ ಡಂಜೊ ಬೈಲಹೊಂಗಲಕ್ಕೆ ಒಂದು ದಿನವೂ ಬರಲಿಲ್ಲ. ಆದರೂ 2025ರ ಜನವರಿಯಲ್ಲಿ ಅದು ನಿಂತಾಗ, "ನಮಗ ಭಾಳ ಅನುಕೂಲ ಇತ್ತು" ಎಂದು ಕಾಕಾ ಮರುಗಿದ.

ಕೂ ಮೇಲೆ ಇನ್ನೂ ಮಮತೆ. 2020ರಲ್ಲಿ ಕನ್ನಡದಿಂದಲೇ ಶುರುವಾದ ಸಾಮಾಜಿಕ ಜಾಲ ಅದು. ದಿನಾ ಬೆಳಿಗ್ಗೆ ಊರಿನ ಚೆನ್ನಮ್ಮನ ಸಮಾಧಿಯ ಫೋಟೊ ಅದರಲ್ಲಿ ಹಾಕಿದ ಮೇಲೇ ಚಹಾ. ಕೈಜೋಡಿಸುವ ಕಂಪನಿ ಸಿಗದೆ, ಖರ್ಚು ತೂಗದೆ 2024ರ ಜುಲೈನಲ್ಲಿ ಕೂ ಮುಚ್ಚಿತು. ಫೋಟೊ ಹೋದವು. ಸಮಾಧಿ ಇದೆ, ಪುಣ್ಯ.

ರೊಕ್ಕಕ್ಕೆ ಸಂಚಕಾರ ಬಂದದ್ದು ಉದ್ರಿ ಲೆಕ್ಕದ ಪುಕ್ಕಟೆ ಆ್ಯಪಿನಿಂದ. ಸತ್ತದ್ದರ ಹೆಸರೇಕೆ ಬಿಡಿ. ಅದು ಬಂದ ದಿನ, ಪಾಡ್ಯಕ್ಕೊಮ್ಮೆ ಕುಂಕುಮ ಕಾಣುತ್ತಿದ್ದ ಕೆಂಪು ವಹಿ ಅಟ್ಟ ಸೇರಿತು.

"ರೊಕ್ಕ ತಗೊಳ್ಳಾರದ ಅಂಗಡಿ ಎಷ್ಟ ದಿನ ನಡದೀತು?" ಎಂದಳು ಹೆಂಡತಿ.

"ಬೆಂಗಳೂರಾಗ ಹೂಡಿಕಿದಾರರು ಅಂತ ಇರ್ತಾರ. ನಿನಗ ತಿಳಿಯಂಗಿಲ್ಲ."

ಮುಚ್ಚುತ್ತೇವೆ, ಲೆಕ್ಕ ಇಳಿಸಿಕೊಳ್ಳಿ ಎಂದು ಕಂಪನಿ ಮೇಲ್ ಕಳಿಸಿತ್ತು. ಆದರೆ ಮೇಲ್‌ನ ಪಾಸ್‌ವರ್ಡ್ ಪುಣೆಯ ಅಳಿಯನ ಹತ್ತಿರ. ಒಂದು ಮುಂಜಾನೆ ಆ್ಯಪ್ ಒತ್ತಿದರೆ ಬಿಳಿ ಪರದೆ, ನಡುವೆ ಗರಗರ ತಿರುಗುವ ಚಕ್ರ. ಕಾಕಾ ಮೊಬೈಲನ್ನು ಅಂಗಿಗೆ ಒರೆಸಿದ, ಬಂದ್ ಮಾಡಿ ಚಾಲೂ ಮಾಡಿದ, ರೇಂಜ್ ಸಿಗಲೆಂದು ಡಿಎಪಿ ಚೀಲಗಳ ಮೇಲೆ ಹತ್ತಿ ನಿಂತ. ಚಕ್ರ ತಿರುಗುತ್ತಲೇ ಇತ್ತು.

ಸುದ್ದಿ ಸವದತ್ತಿ ಮುಟ್ಟಲು ಒಂದು ಬಸ್ಸು ಸಾಕಾಯಿತು. ಉದ್ರಿ ಒಯ್ದವರೆಲ್ಲ ಮಾತಾಡಿಸಲು ಬಂದರು. ಸವದತ್ತಿಯ ಹತ್ತು ಸಾವಿರದ ಆಸಾಮಿಯೊಬ್ಬ, "ಎರಡೋ ಮೂರೋ ಇರಬೇಕ್ರಿ" ಎಂದ. ಕಾಕಾ ಅವನನ್ನು ಎಲ್ಲಮ್ಮನ ಗುಡ್ಡದ ಕಡೆ ಮುಖ ಮಾಡಿ ನಿಲ್ಲಿಸಿ ಆಣೆ ಕೇಳಿದ. ಅವನೇನೂ ಹಿಂಜರಿಯಲಿಲ್ಲ: "ತಾಯಿ ಆಣಿ, ನೆನಪಿಲ್ರೀ." ಇದನ್ನು ಸುಳ್ಳೆಂದು ಸಾಧಿಸುವುದು ಎಲ್ಲಮ್ಮನಿಗೂ ಕಷ್ಟ.

ಹೆಂಡತಿ ಮಾತಾಡದೆ ಅಟ್ಟದ ವಹಿ ಇಳಿಸಿ, ಧೂಳು ಝಾಡಿಸಿ ಗಲ್ಲೆಯ ಮೇಲಿಟ್ಟಳು. ಕಾಕಾ ಅದರತ್ತ ನೋಡಲಿಲ್ಲ. ಹೊಸ ಆ್ಯಪೊಂದು ಬಂದಿದೆಯಂತೆ, ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುತ್ತದಂತೆ. ಕೇಳಿ ಹಿಗ್ಗಿದವನು ಆ ಸವದತ್ತಿಯವನೇ.

"ಛಲೋ ಆತ್ ಬಿಡ್ರಿ ಕಾಕಾ. ಅದರಾಗಽ ಬರಕೊಳ್ರಿ, ನನ್ನ ಹೆಸರಿಗೆ ಎರಡು ಚೀಲ ಯೂರಿಯಾ."