ಕಡಲ ಸ್ಕೌಟ್ ಆಗುವ ಕ್ರಮ

ಕಡಲ ಸ್ಕೌಟ್ ದಳಕ್ಕೆ ಸೇರಿದ್ದೀರಿ, ಸಂತೋಷ. ನೀರು ನೋಡುವ ಆತುರವಿದ್ದರೆ ಮನೆಯ ನಲ್ಲಿ ತಿರುಗಿಸಿ. ದೋಣಿ ನಾಲ್ಕನೇ ಹಂತದಲ್ಲಿದೆ.

ಹಂತ 1: ಕಾಯಿರಿ. 1907ರಲ್ಲಿ ಬೇಡನ್ ಪೊವೆಲ್ ಮೊದಲ ಸ್ಕೌಟ್ ಶಿಬಿರ ಹೂಡಿದ್ದು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ. ಅಲ್ಲಿಗೆ ಹೋಗಲು ದೋಣಿಯೇ ಬೇಕು. ಆದರೂ ಕಡಲ ಸ್ಕೌಟುಗಳಿಗೆಂದು ಅವರ ಅಣ್ಣ ವಾರಿಂಗ್ಟನ್ ಬರೆದ ಕೈಪಿಡಿ ಬಂದದ್ದು 1912ರಲ್ಲಿ. ಆ ಐದು ವರ್ಷದ ಮುಂದೆ ದೋಣಿಗಾಗಿ ನೀವು ಕಾಯುವ ಮೂರು ವಾರ ಯಾವ ಲೆಕ್ಕ?

ಹಂತ 2: ಲೈಫ್ ಜಾಕೆಟ್ ತೊಡಿ. ಈಜು ಬಂದರೂ ತೊಡಿ. ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಗೆಳೆಯನಿಗೆ ಹೇಳಿ. ಜಾಕೆಟ್ ಕಿವಿಯವರೆಗೆ ಏರಿ ನೀವು ಮಾತ್ರ ಕೆಳಗೇ ಉಳಿದರೆ, ಅದು ನಿಮ್ಮ ಅಣ್ಣನದು.

ಹಂತ 3: ಬೋಲೈನ್ ಗಂಟು ಹಾಕಿ. ಹಗ್ಗದಲ್ಲೊಂದು ಸಣ್ಣ ಕುಣಿಕೆ ಮಾಡಿ, ಅದು ಬಿಲ. ಹಗ್ಗದ ತುದಿ ಮೊಲ, ಉಳಿದ ಉದ್ದ ಹಗ್ಗ ಮರ. ಮೊಲ ಬಿಲದಿಂದ ಮೇಲೆ ಬಂದು, ಮರದ ಹಿಂದೆ ಸುತ್ತಿ, ಮತ್ತೆ ಅದೇ ಬಿಲಕ್ಕೆ ಇಳಿಯಬೇಕು. ಎಳೆದಾಗ ಗಂಟು ಬಿಚ್ಚಿಹೋದರೆ ಮೊಲವನ್ನು ಬಯ್ಯಬೇಡಿ.

ಹಂತ 4: ದೋಣಿ ಹತ್ತಿ. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತು ಹುಟ್ಟು ಎಳೆಯಿರಿ. ದಾರಿ ಕಾಣುವುದು ಚುಕ್ಕಾಣಿ ಹಿಡಿದವನಿಗೆ ಮಾತ್ರ, ಬೈಗುಳವೂ ಅವನದೇ. ಹುಟ್ಟು ನೀರಲ್ಲಿ ಸಿಕ್ಕಿ ಹಿಡಿ ಎದೆಗೆ ಗುದ್ದಿದರೆ ಇಂಗ್ಲಿಷರು ‘ಏಡಿ ಹಿಡಿದ’ ಎನ್ನುತ್ತಾರೆ. ಆ ಏಡಿ ಸಾರಿಗೆ ಬರುವುದಿಲ್ಲ.

ಹಂತ 5: ವಾಂತಿ ಬಂದರೆ ನಾಚಬೇಡಿ. 1921ರಲ್ಲಿ ಧ್ರುವ ಅನ್ವೇಷಕ ಶ್ಯಾಕಲ್ಟನ್ ‘ಕ್ವೆಸ್ಟ್’ ಹಡಗಿನಲ್ಲಿ ಅಂಟಾರ್ಕ್ಟಿಕಕ್ಕೆ ಹೊರಟಾಗ ಇಬ್ಬರು ಸ್ಕೌಟುಗಳನ್ನು ಕರೆದೊಯ್ದರು. ಅವರಲ್ಲಿ ನಾರ್ಮನ್ ಮೂನಿ ಆರ್ಕ್ನಿ ದ್ವೀಪದ ಹುಡುಗ. ಸುತ್ತ ಸಮುದ್ರವೇ ಇದ್ದರೂ ಹೊಟ್ಟೆ ಒಗ್ಗಲಿಲ್ಲ. ಮದೀರಾದಲ್ಲಿ ಇಳಿದು ಊರಿಗೆ ಮರಳಿದ. ಇನ್ನೊಬ್ಬ, ಜೇಮ್ಸ್ ಮಾರ್, ಮುಂದುವರಿದು ಕೊನೆಗೆ ಕಡಲ ಜೀವವಿಜ್ಞಾನಿಯಾದ.

ಹಂತ 6: ದೋಣಿ ಮಗುಚಿದರೆ ದೋಣಿಯನ್ನೇ ಹಿಡಿದಿರಿ, ದಡಕ್ಕೆ ಈಜುವ ಶೌರ್ಯ ಬೇಡ. ಈ ಹಂತದಲ್ಲಿ ತಮಾಷೆ ಇಲ್ಲ. ವಾರಿಂಗ್ಟನ್ನರ ಕೈಪಿಡಿ ಬಂದ ಅದೇ 1912ರಲ್ಲಿ, ಆಗಸ್ಟ್ 4ರಂದು, ಇಂಗ್ಲೆಂಡಿನ ಲೇಸ್‌ಡೌನ್ ಬಳಿ ಇದ್ದಕ್ಕಿದ್ದಂತೆ ಬೀಸಿದ ಗಾಳಿಗೆ ಸ್ಕೌಟ್ ದೋಣಿಯೊಂದು ಮಗುಚಿ 9 ಹುಡುಗರು ಸತ್ತರು. ಅವರ ಶವಗಳನ್ನು ಲಂಡನ್ನಿಗೆ ತಂದದ್ದು ಯುದ್ಧನೌಕೆ.

ಹಂತ 7: ದಡಕ್ಕೆ ಬಂದಿರಿ. ಹಗ್ಗ ಸುತ್ತಿಡಿ, ಜಾಕೆಟ್ ಒಣಗಹಾಕಿ. ಮುಂದಿನ ವಾರ ಅದನ್ನು ತೊಡುವ ಹುಡುಗ ನಿಮಗಿಂತ ಚಿಕ್ಕವನು. ನೀರು ಎಲ್ಲಿ ಎಂದು ಕುಣಿಯುತ್ತಿರುತ್ತಾನೆ. ಅವನ ಭುಜದ ಪಟ್ಟಿಯನ್ನು ನೀವೇ ಎಳೆದು ನೋಡಿ.