ಸತ್ತವರು ಎದ್ದು ಬರುವ ಸೀಮೆ

ಶಿಕಾರಿಪುರ, ಸೊರಬದ ಕಡೆಯವರನ್ನು ಸತ್ತವರು ಎದ್ದು ಬಂದ ಕಥೆ ಹೇಳಿ ಬೆಚ್ಚಿಬೀಳಿಸುವುದು ಕಷ್ಟ. ‘ಇನ್ನು ಇವರ ಕಥೆ ಮುಗೀತು’ ಎಂದು ಊರೆಲ್ಲ ಕೈತೊಳೆದುಕೊಂಡ ಮೇಲೂ ಎದ್ದು ನಿಂತವರನ್ನು ನಾವು ಕಂಡಿದ್ದೇವೆ. ನಮ್ಮ ಯಡಿಯೂರಪ್ಪನವರು 2007, 2008, 2018, 2019 ಎಂದು ನಾಲ್ಕು ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದಿರಲಿ, ಅದು ಬೇರೆ ಪುರಾಣ.

ನನ್ನ ಗೆಳೆಯರೊಬ್ಬರು ನಿವೃತ್ತ ಮೇಷ್ಟ್ರು, ಚರ್ಚು ತಪ್ಪಿಸದವರು. ಈಸ್ಟರ್ ಹತ್ತಿರ ಬಂತೆಂದರೆ ಚಹಾದಂಗಡಿಯಲ್ಲಿ ಯಾರಾದರೂ ಅವರನ್ನು ಕೆಣಕಲೇಬೇಕು. “ಅಲ್ಲ ಮೇಷ್ಟ್ರೇ, ಮೂರನೇ ದಿನ ಎದ್ದರು ಅಂತೀರಲ್ಲ, ಎದ್ದದ್ದನ್ನ ನೋಡಿದವರು ಯಾರು?” ಮೇಷ್ಟ್ರು ಬನ್ನನ್ನು ಚಹಾದಲ್ಲಿ ಅದ್ದುತ್ತಾ, “ಏಳೋದನ್ನ ಯಾರೂ ನೋಡಿಲ್ಲ ಕಣ್ರೀ. ಎದ್ದ ಮೇಲೆ ನೋಡಿದ್ರು” ಎನ್ನುತ್ತಾರೆ. ಮಾತು ನಿಜ. ನಾಲ್ಕು ಸುವಾರ್ತೆಗಳಲ್ಲಿ ಒಂದೂ ಆ ಗಳಿಗೆಯನ್ನು ವರ್ಣಿಸುವುದಿಲ್ಲ. ಬರಿದಾದ ಸಮಾಧಿ ಇದೆ, ಆಮೇಲಿನ ಭೇಟಿಗಳಿವೆ, ನಡುವಿನದು ಖಾಲಿ.

ತಮಾಷೆಯೆಂದರೆ, ಕೆಣಕಿದವರು ಸೊರಬ ತಾಲೂಕಿನ ಚಂದ್ರಗುತ್ತಿಗೆ ನಡೆದುಕೊಳ್ಳುವ ಮನೆತನದವರು. ಅಲ್ಲಿನ ಗುಹೆಯಲ್ಲಿರುವ ರೇಣುಕಾಂಬೆಯ ಕಥೆ ಏನು? ಅಪ್ಪನ ಮಾತಿಗೆ ಮಗ ಕೊಡಲಿ ಎತ್ತಿದ, ತಾಯಿಯ ತಲೆ ಹೋಯಿತು, ವರದಿಂದ ತಾಯಿ ಬದುಕಿದಳು. ಅದಕ್ಕೆ ಸಾಕ್ಷಿ ಕೊಡಿ ಎಂದು ಯಾರೂ ಅವರನ್ನು ಕೇಳಿಲ್ಲ, ಅವರಿಗೂ ಕೇಳಬೇಕೆನಿಸಿಲ್ಲ. ಸಂಶಯವನ್ನು ನಾವು ಪಕ್ಕದ ಮನೆಯ ದೇವರಿಗೆಂದು ಎತ್ತಿಟ್ಟಿರುತ್ತೇವೆ. ಅಂದಹಾಗೆ, ಮಹಾಭಾರತದ ಪರಶುರಾಮ ವರ ಕೇಳುವಾಗ ಒಂದು ಷರತ್ತು ಸೇರಿಸುತ್ತಾನೆ: ಅಮ್ಮ ಬದುಕಬೇಕು, ಕೊಂದದ್ದು ಮಾತ್ರ ಅವಳಿಗೆ ನೆನಪಿರಬಾರದು. ಜಾಣ ಮಗ. ಇಲ್ಲದಿದ್ದರೆ ಎದ್ದು ಕೂತ ಅಮ್ಮನ ಮೊದಲ ಪ್ರಶ್ನೆಗೆ ಅವನಲ್ಲಿ ಉತ್ತರ ಎಲ್ಲಿತ್ತು?

ನಂಬಿಕೆಯನ್ನು ಪಂಥಕ್ಕೇ ಇಟ್ಟ ಇನ್ನೊಂದು ಕಥೆ ಬೇಕಾದರೆ ಶಿಕಾರಿಪುರದ ಗಡಿ ದಾಟಿ ಹಿರೇಕೆರೂರು ತಾಲೂಕಿನ ಅಬ್ಬಲೂರಿಗೆ ಹೋಗಬೇಕು. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯನಿಗೂ ಸಂಕಗೌಂಡನ ಕಡೆಯ ಜೈನರಿಗೂ ವಾದ ಹತ್ತಿತಂತೆ. ಶಿವನಿಗೆ ತಲೆ ಒಪ್ಪಿಸಿ ಮರಳಿ ಪಡೆಯುತ್ತೇನೆ ಎಂದ ರಾಮಯ್ಯ. ಪಡೆದರೆ ಜಿನನನ್ನು ತೆಗೆದು ಶಿವನನ್ನು ಇಡುತ್ತೇವೆ ಎಂದು ಅವರು ಓಲೆ ಬರೆದುಕೊಟ್ಟರು. ತಲೆ ಹೋಯಿತು, ಏಳನೇ ದಿನ ಬಂತು. ಆದರೂ ಅವರು ಒಪ್ಪಲಿಲ್ಲ. ರಾಮಯ್ಯ ಜಿನಬಿಂಬ ಒಡೆದ. ದೂರು ಬಿಜ್ಜಳನ ಆಸ್ಥಾನಕ್ಕೆ ಹೋಯಿತು. “ಬೇಕಾದರೆ ಇನ್ನೊಮ್ಮೆ ಕತ್ತರಿಸಿಕೊಳ್ಳುತ್ತೇನೆ, ಈ ಸಲ ತಲೆಯನ್ನು ಸುಟ್ಟೇಬಿಡಲಿ” ಎಂಬರ್ಥದಲ್ಲಿ ರಾಮಯ್ಯ ಸವಾಲು ಹಾಕಿದಾಗ ಎದುರಾಳಿಗಳು ಹಿಂದೆ ಸರಿದರು. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟು, ಜೈನರಿಗೆ ಸುಮ್ಮನೆ ಬಾಳಿಕೊಂಡಿರಿ ಎಂದು ಹೇಳಿ ಕಳಿಸಿದನಂತೆ.

ಈ ಶಾಸನದ ಕಥೆ ನನಗೆ ಇಷ್ಟ, ಆದರೆ ಒಡೆದ ಬಿಂಬದ ಹತ್ತಿರ ಬಂದಾಗ ಮನಸ್ಸು ಮುದುಡುತ್ತದೆ. ಅದು ಗೆದ್ದವರು ಬರೆಸಿದ ಕಲ್ಲು. ನಂಬದವರು ಅಲ್ಲಿ ಸೋಲುವುದಕ್ಕೆಂದೇ ಬರುತ್ತಾರೆ.

ಸುವಾರ್ತೆಗಳನ್ನು ಓದುವಾಗ ನನಗೆ ಸೋಜಿಗವಾಗುವುದು ಇಲ್ಲಿಯೇ. ಅವುಗಳಲ್ಲಿ ಸಂಶಯ ಪಡುವವರು ಬೇರೆ ಯಾರೂ ಅಲ್ಲ, ಸ್ವಂತ ಶಿಷ್ಯರೇ. ಸಮಾಧಿ ನೋಡಿ ಬಂದ ಹೆಂಗಸರ ಮಾತನ್ನು ಗಂಡಸರು ಹುಚ್ಚುಮಾತೆಂದು ತಳ್ಳಿಹಾಕಿದರು ಎಂದು ಲೂಕ ಬರೆಯುತ್ತಾನೆ. ಬೆಟ್ಟದ ಮೇಲೆ ಎದುರಿಗೆ ಕಂಡಾಗಲೂ ಕೆಲವರು ಸಂದೇಹಪಟ್ಟರು ಎನ್ನುತ್ತಾನೆ ಮತ್ತಾಯ. ಶಿಷ್ಯರೇ ಹೆಣ ಕದ್ದರೆಂಬ ಗಾಳಿಮಾತನ್ನೂ ಅವನು ಬಿಡದೆ ದಾಖಲಿಸುತ್ತಾನೆ. ಮಾರ್ಕನ ಅತಿ ಹಳೆಯ ಹಸ್ತಪ್ರತಿಗಳಂತೂ ಹೆಂಗಸರು ಹೆದರಿ ಓಡಿಹೋದಲ್ಲಿಗೇ ನಿಂತುಬಿಡುತ್ತವೆ. ಎದುರಾಳಿ ವಕೀಲನ ಪಾಟೀಸವಾಲನ್ನು ಫಿರ್ಯಾದಿಯೇ ತನ್ನ ಫೈಲಿಗೆ ಸೇರಿಸಿಕೊಂಡ ಹಾಗಿದೆ ಇದು. ಹಾಗೆಂದು ಕೇಸು ಗೆದ್ದ ಹಾಗಾಗಲಿಲ್ಲ. ಪುನರುತ್ಥಾನದ ಮಾತು ಎತ್ತಿದ ಪೌಲನನ್ನು ಅಥೆನ್ಸಿನಲ್ಲಿ ಕೆಲವರು ಹಾಸ್ಯಮಾಡಿದರು, ಕೆಲವರು ಇನ್ನೊಂದು ಸಲ ಕೇಳುತ್ತೇವೆಂದರು. ಸಭೆ ತಪ್ಪಿಸಿಕೊಳ್ಳುವ ಈ ಉಪಾಯ ಅಲ್ಲಿಂದಲೇ ಬಂದಿರಬೇಕು.

ಶಿಷ್ಯರಲ್ಲೊಬ್ಬನಾದ ತೋಮನಂತೂ ಗಾಯಕ್ಕೆ ಬೆರಳಿಡದೆ ನಂಬುವುದಿಲ್ಲವೆಂದು ಹಟ ಹಿಡಿದವನು. ಆ ಸಂಶಯದ ಮನುಷ್ಯನೇ ಆಮೇಲೆ ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದನೆಂಬುದು ಕೇರಳದ ಹಳೆಯ ಕ್ರೈಸ್ತರ ನಂಬಿಕೆ. ರೇಣುಕೆಗೆ ನೆನಪು ಅಳಿಸಲಾಯಿತು. ಯೇಸುವಿಗೆ ಗಾಯ ಹಾಗೇ ಉಳಿಯಿತು. ತೋಮ ಕೇಳಿದ್ದೂ ಆ ಗಾಯವನ್ನೇ.

“ನಿಮಗೇ ಯಾವತ್ತೂ ಅನುಮಾನ ಬಂದಿಲ್ವಾ?” ಎಂದು ಮೇಷ್ಟ್ರನ್ನು ಒಮ್ಮೆ ಕೇಳಿದೆ. “ಶುಭ ಶುಕ್ರವಾರದ ಮಾರನೇ ದಿನ ಬರುತ್ತೆ. ಭಾನುವಾರ ಪೂಜೆಗೆ ಬೇಗ ಏಳಬೇಕಲ್ಲ, ಮಲಗಿಬಿಡ್ತೀನಿ.”

ನನ್ನ ಒಲವು ಮಾತ್ರ ಶಿಕಾರಿಪುರ ತಾಲೂಕಿನವನೇ ಆದ ಬಳ್ಳಿಗಾವಿಯ ಅಲ್ಲಮನ ಕಡೆಗೆ. ಯೋಗಿ ಗೋರಕ್ಷ ತನ್ನದು ವಜ್ರದೇಹವೆಂದು ಬೀಗುತ್ತಿದ್ದ. ಅಲ್ಲಮ ಕತ್ತಿಯಿಂದ ಹೊಡೆದ, ಖಣಿಲ್ ಎಂದಿತು. ಗೋರಕ್ಷ ಅಲ್ಲಮನ ಮೇಲೆ ಕತ್ತಿ ಬೀಸಿದ, ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಸಾಯದ ದೇಹವನ್ನು ಅಲ್ಲಮ ದೊಡ್ಡದೆಂದು ಎಣಿಸಲೇ ಇಲ್ಲ. ಎದ್ದು ಬಂದ ಯೇಸುವಿನ ದೇಹವಾದರೋ ಎರಡೂ ಹೌದು: ಮುಚ್ಚಿದ ಬಾಗಿಲಿನೊಳಗೆ ಬರುತ್ತದೆ, ಮುಟ್ಟಲು ಕೈಗೂ ಸಿಗುತ್ತದೆ. ಇದನ್ನು ಮೇಷ್ಟ್ರ ಮುಂದೆ ಉತ್ಸಾಹದಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಎಲ್ಲಾ ಸರಿ. ನಮ್ಮ ಸ್ವಾಮಿ ಎದ್ದ ಮೇಲೆ ಸುಟ್ಟ ಮೀನು ತಿಂದು ತೋರಿಸಿದ್ರು. ನಿಮ್ಮ ಅಲ್ಲಮ?” ಎಂದರು.

ಮೀನಿನ ಮಾತು ಬಂದದ್ದೇ ತಡ, ಅತ್ತ ಕೂತಿದ್ದ ಚಂದ್ರಗುತ್ತಿಯ ಭಕ್ತರು ಕುರ್ಚಿ ಹತ್ತಿರ ಎಳೆದುಕೊಂಡರು. ಅಂಜನಾಪುರ ಡ್ಯಾಮಿನ ಮೀನು ರುಚಿಯೋ, ಕರಾವಳಿಯಿಂದ ಐಸಿನಲ್ಲಿ ಬರುವ ಬಂಗುಡೆ ರುಚಿಯೋ ಎಂಬ ವಿಚಾರದಲ್ಲಿ ಇಬ್ಬರಿಗೂ ಲವಲೇಶ ಸಂಶಯವಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಪಕ್ಷ, ಅಷ್ಟೆ.